ರತ್ನಗಂಬಳಿಯ ಬೆನ್ನು

ಕಾರ್ಪೆಟ್ಟಿಗೆ ಕನ್ನಡದಲ್ಲಿ ರತ್ನಗಂಬಳಿ ಎನ್ನುತ್ತೇವೆ. ಕಂಬಳಿ ನಮ್ಮದೇ. ಕುರುಬರ ಮಗ್ಗದಿಂದ ಇಳಿದು ಬಂದು ಮಳೆಯಲ್ಲಿ ಕೊಪ್ಪೆಯಾಗಿ, ಚಳಿಯಲ್ಲಿ ಹೊದಿಕೆಯಾಗಿ, ಮದುವೆ ಮುಂಜಿಗಳಲ್ಲಿ ಹಾಸಾಗಿ ನಮ್ಮ ಜೊತೆ ಬಾಳಿದ ವಸ್ತು ಅದು. ಅದರ ಮುಂದೆ ಒಂದು ರತ್ನ ಸೇರಿದ್ದೇ ತಡ, ನಮ್ಮ ಪಡಸಾಲೆಯಿಂದ ಎದ್ದು ಅರಮನೆಗೆ ಹೋಗಿಬಿಟ್ಟಿತು. ಮಂತ್ರಿಗಳು ಬಂದರೆ ಪತ್ರಿಕೆಯವರು ‘ರತ್ನಗಂಬಳಿಯ ಸ್ವಾಗತ’ ಎಂದು ಬರೆಯುತ್ತಾರೆ. ನಮ್ಮ ಧಾರವಾಡದ ಕಡೆ ಅದನ್ನೇ ಗಾಲೀಚಾ ಎನ್ನುವುದು ವಾಡಿಕೆ. ಹೆಸರು ಯಾವುದಾದರೇನು, ನಮ್ಮಂಥವರ ಮನೆಯಲ್ಲಿ ನಾಲ್ಕು ಜನ ಬಂದರೆ ಹಾಸುತ್ತಿದ್ದುದು ಜಮಖಾನೆಯನ್ನೇ.

ಜಮಖಾನೆಗೂ ರತ್ನಗಂಬಳಿಗೂ ಇರುವ ಅಂತರವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಜಮಖಾನೆಯಲ್ಲಿ ಹಾಸು ಮತ್ತು ಹೊಕ್ಕು ಎರಡೇ. ಬಣ್ಣದ ಹೊಕ್ಕಿನ ಎಳೆಯೇ ಹಾಸಿನ ಮೇಲೆ ಕೆಳಗೆ ಹಾದು ಚಿತ್ರವಾಗುತ್ತದೆ. ರತ್ನಗಂಬಳಿಯಲ್ಲಿ ಹಾಸು ಹೊಕ್ಕುಗಳು ಬರೀ ನೆಲಗಟ್ಟು. ಚಿತ್ರವಾಗುವುದು ಗಂಟಿನಿಂದ. ಹಾಸಿನ ಎರಡು ಎಳೆಗಳಿಗೆ ಬಣ್ಣದ ನೂಲಿನ ತುಂಡನ್ನು ಬೆರಳಿನಿಂದ ಸುತ್ತಿ, ಚಾಕುವಿನಿಂದ ಕತ್ತರಿಸಿ, ಮತ್ತೆ ಪಕ್ಕದ ಎರಡು ಎಳೆಗೆ ಇನ್ನೊಂದು ಗಂಟು. ಹೀಗೆ ಒಂದು ಸಾಲು ಮುಗಿದ ಮೇಲೆ ಹೊಕ್ಕನ್ನು ಹಾಯಿಸಿ, ಬಾಚಣಿಗೆಯಂಥ ಪಂಜದಿಂದ ಬಡಿದು ಕೂಡಿಸಬೇಕು. ಆಮೇಲೆ ಮುಂದಿನ ಸಾಲು. ಕತ್ತರಿಸಿದ ಆ ತುದಿಗಳೇ ಮೇಲೆ ಒತ್ತಾಗಿ ನಿಂತು ಮಖಮಲ್ಲಿನಂತೆ ಕಾಣುತ್ತವೆ. ಅಂಗಡಿಯವರು ಅದನ್ನು ಪೈಲ್ ಎನ್ನುತ್ತಾರೆ. ನಾನು ಕೂದಲು ಎನ್ನುತ್ತೇನೆ. ಆ ಕೂದಲನ್ನು ನೋಡಿ ನಾವು ಮರುಳಾಗುತ್ತೇವೆ. ಅದರ ಕೆಳಗಿನ ಗಂಟುಗಳನ್ನು ಕಾಣಬೇಕಾದರೆ ಬೆನ್ನು ಮಗುಚಬೇಕು.

ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು. ರಾಜರ ಇಸವಿಗಳನ್ನು ಹೇಳಿ ಹೇಳಿ ಬೇಸತ್ತಾಗ ಬಟ್ಟೆಯ ಕಥೆ ಹೇಳುತ್ತಿದ್ದೆ. ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರು. ಕಾಶ್ಮೀರದ ರತ್ನಗಂಬಳಿಯ ಕಥೆ ಅವುಗಳಲ್ಲಿ ಒಂದು. ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಸುಲ್ತಾನ ಜೈನುಲ್ ಆಬಿದೀನನಿಂದ ಶುರುವಾಗುತ್ತದೆ. 1420ರಿಂದ 1470ರವರೆಗೆ ಆಳಿದ ಈ ದೊರೆಯನ್ನು ಕಾಶ್ಮೀರದವರು ಇಂದಿಗೂ ‘ಬಡಶಾಹ್’, ಅಂದರೆ ದೊಡ್ಡ ರಾಜ, ಎಂದೇ ನೆನೆಯುತ್ತಾರೆ. ಪರ್ಷಿಯಾದಿಂದಲೂ ಮಧ್ಯ ಏಷ್ಯಾದಿಂದಲೂ ಕುಶಲಿಗರನ್ನು ಕರೆಸಿ ಕಣಿವೆಯಲ್ಲಿ ನೆಲೆಗೊಳಿಸಿದ ಕೀರ್ತಿ ಅವನದು. ಆಮೇಲೆ ಈ ಕಸಬು ಸೊರಗಿತು, ಜಹಾಂಗೀರನ ಕಾಲದಲ್ಲಿ ಮತ್ತೆ ಚಿಗುರಿತು. ದರಬಾರಿಗೆ ನೆಯ್ದ ಮೊಘಲರ ಕಾಲದ ಕೆಲವು ರತ್ನಗಂಬಳಿಗಳಲ್ಲಿ ರೇಷ್ಮೆಯ ಹಾಸು ಹೊಕ್ಕಿನ ಮೇಲೆ ಪಶ್ಮೀನಾ ಉಣ್ಣೆಯ ಗಂಟುಗಳಿವೆ. ಮುಟ್ಟಿದವರು ಇಡೀ ಗಂಬಳಿಯೇ ರೇಷ್ಮೆ ಎನ್ನಬೇಕು, ಅಷ್ಟು ನುಣುಪು.

ಆದರೆ ನನ್ನ ವಿದ್ಯಾರ್ಥಿನಿಯರಿಗೆ ನಾನು ಬಾದಶಹರ ಭಾಗವನ್ನು ಬೇಗ ಮುಗಿಸಿ ಶಾಲಿನ ಕಥೆಗೆ ಬರುತ್ತಿದ್ದೆ. ಕಾಶ್ಮೀರದಲ್ಲಿ ನೂರಾರು ವರ್ಷ ಅನ್ನ ಕೊಟ್ಟದ್ದು ಗಂಬಳಿಯಲ್ಲ, ಶಾಲು. ಪಶ್ಮೀನಾ ಉಣ್ಣೆಯನ್ನು ಬಿಡಿಸಿ, ಚರಕದಲ್ಲಿ ಕೂದಲೆಳೆಯಷ್ಟು ಸಣ್ಣಗೆ ನೂಲು ತೆಗೆದವರು ಮನೆಯ ಹೆಂಗಸರು. ನೇಯ್ದವರು ಗಂಡಸರು. ಯುರೋಪಿನಲ್ಲಿ, ಮುಖ್ಯವಾಗಿ ಫ್ರಾನ್ಸಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಶ್ರೀಮಂತ ಮನೆಯ ಹೆಣ್ಣುಮಕ್ಕಳಿಗೆ ಕಾಶ್ಮೀರದ ಶಾಲು ಇಲ್ಲದೆ ಮದುವೆಯ ಪೆಟ್ಟಿಗೆ ತುಂಬುತ್ತಿರಲಿಲ್ಲ. ಇತ್ತ ನೇಕಾರನ ಸ್ಥಿತಿ ಏನಿತ್ತು? ಡೋಗ್ರಾ ಅರಸರ ಕಾಲದಲ್ಲಿ ಶಾಲಿನ ಮೇಲೆ ತೆರಿಗೆ ವಸೂಲಿಗೆಂದೇ ‘ದಾಗ್ ಶಾಲ್’ ಎಂಬ ಇಲಾಖೆಯಿತ್ತು. ತನ್ನ ಬದಲಿಗೆ ಇನ್ನೊಬ್ಬ ಆಳನ್ನು ಒದಗಿಸದೆ ನೇಕಾರ ಕಸಬು ಬಿಡುವಂತಿರಲಿಲ್ಲ. ರಾತ್ರೋರಾತ್ರಿ ಬೆಟ್ಟ ದಾಟಿ ಪಂಜಾಬಿನ ಅಮೃತಸರ, ಲುಧಿಯಾನಕ್ಕೆ ಓಡಿಹೋದವರೂ ಇದ್ದರು.

1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್‌ಡಗರ್ ಮೈದಾನದಲ್ಲಿ ಶಾಲು ನೇಕಾರರು ತೆರಿಗೆ ಇಳಿಸಿರೆಂದು ಕೂಗುತ್ತ ಸೇರಿದರು. ಸೈನ್ಯ ಮೇಲೆ ಬಿತ್ತು. ಓಡುವವರ ನೂಕುನುಗ್ಗಲಿನಲ್ಲಿ ಸೇತುವೆಯಿಂದ ಕಾಲುವೆಗೆ ಬಿದ್ದವರೆಷ್ಟೋ. ಸತ್ತವರು 28 ಮಂದಿ ಎಂದು ಲೆಕ್ಕ. ಮೇ ದಿನಕ್ಕೆ ಕಾರಣವಾದ ಷಿಕಾಗೋ ಕಾರ್ಮಿಕರ ಹೋರಾಟ ನಡೆದದ್ದು 1886ರಲ್ಲಿ. ಅದು ನಮ್ಮ ಪಠ್ಯಪುಸ್ತಕದಲ್ಲಿದೆ. ಅದಕ್ಕಿಂತ 21 ವರ್ಷ ಹಿಂದಿನ ಜಾಲ್‌ಡಗರ್ ನನ್ನ ಪಾಠದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಐದು ವರ್ಷಕ್ಕೆ ಇನ್ನೊಂದು ಪೆಟ್ಟು ಬಿತ್ತು. 1870ರಲ್ಲಿ ಫ್ರಾನ್ಸಿಗೂ ಪ್ರಶ್ಯಾಕ್ಕೂ ಯುದ್ಧ ಹತ್ತಿಕೊಂಡು ಪ್ಯಾರಿಸ್ಸಿನ ಕೊಳ್ಳುವ ಕೈಗಳೇ ನಿಂತವು. ಯುದ್ಧ ಮುಗಿದ ಮೇಲೆ ನೋಡಿದರೆ ಅಲ್ಲಿಯ ಉಡುಪಿನ ರೀತಿಯೇ ಬದಲಾಗಿದೆ, ಶಾಲು ಕೇಳುವವರಿಲ್ಲ. ಯಂತ್ರದ ಮಗ್ಗದ ಅಗ್ಗದ ಶಾಲುಗಳು ಅದಕ್ಕೆ ಮೊದಲೇ ಮಾರುಕಟ್ಟೆ ಸೇರಿದ್ದವು. ಅದರ ಬೆನ್ನಿಗೇ 1877ರಿಂದ 79ರವರೆಗೆ ಕಾಶ್ಮೀರದಲ್ಲಿ ಭೀಕರ ಬರಗಾಲ. ಹೊಲವಿಲ್ಲದ, ಮಗ್ಗ ಬಿಟ್ಟರೆ ಬೇರೆ ಗೊತ್ತಿಲ್ಲದ ನೇಕಾರರೇ ಅದಕ್ಕೆ ಹೆಚ್ಚಾಗಿ ಬಲಿಯಾದರು.

ಬದುಕುಳಿದವರ ಬೆರಳುಗಳನ್ನು ಹುಡುಕಿಕೊಂಡು ಬಂದದ್ದು ಗಂಬಳಿಯ ವ್ಯಾಪಾರ. ಆ ಶತಮಾನದ ಕೊನೆಯ ಹೊತ್ತಿಗೆ ಹ್ಯಾಡೊ, ಮಿಚೆಲ್ ಮುಂತಾದ ಬಿಳಿಯರು ಶ್ರೀನಗರದಲ್ಲಿ ಗಂಬಳಿ ಕಾರ್ಖಾನೆಗಳನ್ನು ನಡೆಸುತ್ತಿದ್ದರು. ಶಾಲು ನೇಯ್ದ ಕೈಗಳೇ ಗಂಟು ಹಾಕಲು ಕೂತವು. ಹಾಗೆ ಬರುವಾಗ ಅವು ಒಂದು ಅಪೂರ್ವ ವಿದ್ಯೆಯನ್ನೂ ಜೊತೆಗೆ ತಂದವು. ಅದರ ಹೆಸರು ತಾಲೀಮ್.

ನಿವೃತ್ತಿಯಾದ ಮೇಲೆ ನಾವು ನಾಲ್ವರು ಗೆಳತಿಯರು ಕಾಶ್ಮೀರಕ್ಕೆ ಹೋಗಿದ್ದೆವು. ಮಿಕ್ಕವರು ದಾಲ್ ಸರೋವರದ ದೋಣಿಗಳಲ್ಲಿ ಫೋಟೋ ತೆಗೆಸಿಕೊಳ್ಳುವಾಗ ನಾನು ಹಠಮಾಡಿ ಹಳೆಯ ಊರಿನ ಒಂದು ಮನೆಗೆ ಹೋದೆ. ಮಾಳಿಗೆಯ ಮೇಲೆ ಕಿಟಕಿಗೆ ಹತ್ತಿರವಾಗಿ ನೆಟ್ಟಗೆ ನಿಂತ ಮಗ್ಗ. ಅದರ ಮುಂದಿನ ಹಲಗೆಯ ಮೇಲೆ ಮಾವ ಮತ್ತು ಸೊಸೆ ಅಕ್ಕಪಕ್ಕ ಕೂತಿದ್ದರು. ಅವರ ಎದುರಿಗೆ ಚಿತ್ರದ ಹಾಳೆ ಇರಲಿಲ್ಲ. ಹಾಸಿನ ಎಳೆಗಳ ಸಂದಿಗೆ ಸಿಕ್ಕಿಸಿದ ಒಂದು ಉದ್ದನೆಯ ಕಾಗದದ ಪಟ್ಟಿ, ಅದರ ತುಂಬ ಶೀಘ್ರಲಿಪಿಯಂಥ ಗೀಟುಗಳು. ಅದೇ ತಾಲೀಮ್. ನಕ್ಕಾಶ್ ಎಂಬ ಚಿತ್ರಗಾರ ಬರೆದ ವಿನ್ಯಾಸವನ್ನು ತಾಲೀಮ್ ಗುರು ಗಂಟು ಗಂಟಾಗಿ ಬಿಡಿಸಿ ಈ ಸಂಕೇತದಲ್ಲಿ ಬರೆಯುತ್ತಾನೆ: ಯಾವ ಬಣ್ಣ, ಎಷ್ಟು ಗಂಟು. ಅಷ್ಟೇ. ಮಾವ ಅದನ್ನು ರಾಗವಾಗಿ ಓದಿದರೆ ಸೊಸೆ ಓಗೊಟ್ಟು ಗಂಟು ಹಾಕುತ್ತಿದ್ದಳು.

ಅರ್ಥವಾಗದ ಭಾಷೆಯಾದರೂ ನನಗೆ ಅದು ಅಪರಿಚಿತ ಎನಿಸಲಿಲ್ಲ. ನಮ್ಮ ಅಮ್ಮ ರಂಗೋಲಿ ಪುಸ್ತಕದಲ್ಲಿ ‘15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ’ ಎಂದು ಬರೆದಿಡುತ್ತಿದ್ದಳು. ಸ್ವೆಟರ್ ಹೆಣೆಯುವಾಗ ನಾವೆಲ್ಲ ‘ನಾಲ್ಕು ಸೀದಾ, ಎರಡು ಉಲ್ಟಾ’ ಎಂದು ಗೊಣಗಿದವರೇ ತಾನೆ? ಚಿತ್ರವನ್ನು ಲೆಕ್ಕವಾಗಿ ಬರೆದು, ಲೆಕ್ಕವನ್ನು ಮತ್ತೆ ಚಿತ್ರವಾಗಿ ಬಿಡಿಸುವ ವಿದ್ಯೆ ಹೆಂಗಸರಿಗೆ ಹೊಸದಲ್ಲ. ಆದರೂ ಕಾಶ್ಮೀರದ ಗಂಬಳಿ ಮಗ್ಗದ ಮುಂದೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೂತದ್ದು ಈಚಿನ ದಶಕಗಳಲ್ಲಿ. ಯಾಕೆ ಎಂದು ಆ ಹಿರಿಯರನ್ನು ಕೇಳಿದೆ. “ಗಂಡುಮಕ್ಕಳು ಈ ಕೂಲಿಗೆ ಕೂರುವುದಿಲ್ಲ. ಗಾರೆ ಕೆಲಸಕ್ಕೆ ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ,” ಎಂದರು. ಸೊಸೆ ತಲೆಯೆತ್ತದೆ ನಕ್ಕಳು. ನಗುತ್ತಲೇ ಐದಾರು ಗಂಟು ಹಾಕಿದ್ದಳು.

ಅಲ್ಲಿ ಕೂತೇ ಒಂದು ಲೆಕ್ಕ ಮಾಡಿದೆ. ಮಗ್ಗದಲ್ಲಿದ್ದದ್ದು 3 ಅಡಿ ಅಗಲ 5 ಅಡಿ ಉದ್ದದ್ದು, ಅಂದರೆ 2160 ಚದರ ಇಂಚು. ನೇಯ್ಗೆ 18/18, ಅಂದರೆ ಒಂದು ಇಂಚು ಅಡ್ಡಕ್ಕೆ 18 ಗಂಟು, ಒಂದು ಇಂಚು ಉದ್ದಕ್ಕೆ 18 ಸಾಲು. ಚದರ ಇಂಚಿಗೆ 324. ಒಟ್ಟು 6,99,840 ಗಂಟುಗಳು. ಕೈ ಕುದುರಿದವರು ದಿನಕ್ಕೆ ಏಳು ಸಾವಿರ ಹಾಕಿದರೂ ಒಂದು ಜೊತೆ ಕೈಗೆ ನೂರು ದಿನ. ಅದಕ್ಕೆ ಮೊದಲು ನಕ್ಕಾಶನ ಕೆಲಸ, ಬಣ್ಣ ಹಾಕುವವನ ಕೆಲಸ. ಆಮೇಲೆ ಕತ್ತರಿಸಿ ಸಮ ಮಾಡುವವನ, ತೊಳೆಯುವವನ ಕೆಲಸ. ಚಿಕ್ಕ ಗಂಬಳಿಯ ಲೆಕ್ಕ ಇದು.

ಇನ್ನು ರೇಷ್ಮೆಯ ಮಾತು. ಕಾಶ್ಮೀರದಲ್ಲಿ ಹಿಪ್ಪುನೇರಳೆ ಮರ ಹಳೆಯದು, ರೇಷ್ಮೆ ಹುಳವೂ ಹಳೆಯದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ರೋಗ ತಗುಲಿ ಸಾಕಣೆ ಹಾಳಾಗಿತ್ತು. ಇಂಗ್ಲೆಂಡಿನ ರೇಷ್ಮೆ ತಜ್ಞ ಥಾಮಸ್ ವಾರ್ಡಲ್ ಎಂಬಾತನ ಸಲಹೆಯಂತೆ ಯುರೋಪಿನಿಂದ ರೋಗವಿಲ್ಲದ ಮೊಟ್ಟೆ ತರಿಸಿ, ಮಹಾರಾಜ ಪ್ರತಾಪ ಸಿಂಹನ ಕಾಲದಲ್ಲಿ, 1897ರ ಸುಮಾರಿಗೆ ಶ್ರೀನಗರದಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಎದ್ದಿತು. ಸರಿಸುಮಾರು ಅದೇ ಕಾಲಕ್ಕೆ ನಮ್ಮ ಬೆಂಗಳೂರಿನ ಬಸವನಗುಡಿಯಲ್ಲಿ ಜಮ್ಷೇಟ್‌ಜಿ ಟಾಟಾ ಜಪಾನಿನ ಮಾದರಿಯಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸ್ಸಿನವರು ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದು ಕೂಗುತ್ತಾರೆ. ಶ್ರೀನಗರದ ರೇಷ್ಮೆ ಕಾರ್ಖಾನೆಯಲ್ಲೂ 1924ರ ಬೇಸಿಗೆಯಲ್ಲಿ ಕೂಲಿಗಾಗಿ ಮುಷ್ಕರ ನಡೆದು, ಸೈನ್ಯ ಬಂದು ಅದನ್ನು ಅಡಗಿಸಿತು. ಆ ಊರಿನ ನುಣುಪಾದ ವಸ್ತುಗಳಿಗೆಲ್ಲ ಇಂಥದ್ದೊಂದು ಒರಟು ಇಸವಿ ಇದ್ದೇ ಇರುತ್ತದೆ.

ಇಡೀ ಗಂಬಳಿಯನ್ನೇ ರೇಷ್ಮೆಯಲ್ಲಿ ಗಂಟು ಹಾಕುವುದು ಕಾಶ್ಮೀರದ ಗುರುತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ರೇಷ್ಮೆಯಿಂದ ಎರಡು ಲಾಭ. ಎಳೆ ಸಣ್ಣದಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಇಂಚಿಗೆ ಹೆಚ್ಚು ಗಂಟು ಹಿಡಿಸುತ್ತದೆ, ಬಳ್ಳಿಯ ತಿರುವು ಮೆಟ್ಟಿಲು ಮೆಟ್ಟಿಲಾಗದೆ ನಯವಾಗಿ ಬಾಗುತ್ತದೆ. ಎರಡನೆಯದು ಬೆಳಕು. ಕೂದಲು ಒಂದೇ ಕಡೆಗೆ ವಾಲಿರುವುದರಿಂದ ಒಂದು ಬದಿಯಿಂದ ನೋಡಿದರೆ ತಿಳಿ, ಇನ್ನೊಂದು ಬದಿಯಿಂದ ಗಾಢ. ಆದರೆ ರೇಷ್ಮೆ ಮೇಲೆಯೇ ಇರಬೇಕೆಂದಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಅರ್ದಬೀಲ್ ಗಂಬಳಿ 1539–40ರಲ್ಲಿ ಪರ್ಷಿಯಾದಲ್ಲಿ ಆದದ್ದು. ಜಗತ್ತಿನ ಅತ್ಯಂತ ಹೆಸರಾದ ಗಂಬಳಿ ಇದೇ ಎನ್ನಬಹುದು. ಅದರ ರೇಷ್ಮೆಯೆಲ್ಲ ಹಾಸು ಹೊಕ್ಕಿನಲ್ಲಿ ಅಡಗಿದೆ, ಮೇಲಿನ ಗಂಟು ಉಣ್ಣೆಯದು. ಚದರ ಇಂಚಿಗೆ ಸುಮಾರು 340 ಗಂಟು. ಇವತ್ತು ಶ್ರೀನಗರದ ಅಂಗಡಿಯಲ್ಲಿ 900 ಗಂಟಿನದನ್ನೂ ತೋರಿಸುತ್ತಾರೆ. ಹಾಗೆಂದು ಅದು ಅರ್ದಬೀಲಿಗಿಂತ ಚೆನ್ನ ಎಂದರೆ, ಎಳೆ ಎಣಿಸಿ ಸೀರೆಯ ಅಂದ ಹೇಳಿದ ಹಾಗಾಗುತ್ತದೆ.

ಇಷ್ಟು ಹಿನ್ನೆಲೆ ತಿಳಿದ ಮೇಲೆ ಪರೀಕ್ಷೆಯ ವಿಷಯ ಹೇಳಬಹುದು. ನಮ್ಮ ಓಣಿಯ ಕಮಲಾಬಾಯಾರು ಮಗಳಿಗೆ ಮದುವೆಯಲ್ಲಿ ಕೊಡಲೆಂದು ಊರಿಗೆ ಬಂದಿದ್ದ ಒಂದು ಪ್ರದರ್ಶನದಿಂದ ಗಾಲೀಚಾ ತಂದಿದ್ದರು. ಹಳೆಯ ಪಾಟಲಿ ಎರಡನ್ನು ಮುರಿಸಿದ ದುಡ್ಡು. “ಅಕ್ಕಾರ, ಒಂದೀಟು ಬಂದು ನೋಡ್ರಿ. ಕಾಶ್ಮೀರದ ಖರೇ ರೇಷ್ಮಿ ಅದ, ಹ್ಯಾಂಗ ಹೊಳೀತದ ನೋಡ್ರಿ,” ಎಂದು ಕರೆದರು. ಹೊಳೆಯುತ್ತಿತ್ತು, ಸುಳ್ಳಲ್ಲ. ನಾನು ಒಂದು ಮೂಲೆಯನ್ನು ಮಗುಚಿದೆ. ಬೆನ್ನಿಗೆ ಒರಟು ಬಟ್ಟೆ ಅಂಟಿಸಿತ್ತು. ಅದರ ಅಂಚನ್ನು ಸ್ವಲ್ಪ ಎಬ್ಬಿಸಿದರೆ ಒಳಗೆ ಒಣಗಿದ ರಬ್ಬರಿನ ಅಂಟು. ಒಂದು ಗಂಟೂ ಇರಲಿಲ್ಲ. ರಸೀದಿ ತರಿಸಿ ನೋಡಿದೆವು. ‘ಆರ್ಟ್ ಸಿಲ್ಕ್ ಕಾರ್ಪೆಟ್’ ಎಂದಿತ್ತು. “ಆರ್ಟ್ ಅಂದ್ರ ಕಲಾ ಅಲ್ಲೇನ್ರಿ?” ಎಂದರು ಕಮಲಾಬಾಯಾರು. ಅಲ್ಲ. ಆರ್ಟಿಫಿಷಿಯಲ್ ಎಂಬುದರ ಮೊಟುಕು ಅದು. ಕೃತಕ ರೇಷ್ಮೆ. ಅಂಗಡಿಯವನು ರಸೀದಿಯಲ್ಲಿ ಒಂದಕ್ಷರ ಸುಳ್ಳು ಬರೆದಿರಲಿಲ್ಲ, ಬಾಯಲ್ಲಿ ಹೇಳಿದ್ದೆಲ್ಲ ಸುಳ್ಳು. ಪ್ರದರ್ಶನ ಮುಗಿದು ಡೇರೆ ಕಿತ್ತಾಗಿತ್ತು.

ನನಗೆ ಕಸಿವಿಸಿಯಾದದ್ದು ಇದಕ್ಕೆ: ಕಮಲಾಬಾಯಾರು ಸೀರೆಯ ಅಂಗಡಿಯಲ್ಲಿ ಯಾರಿಗೂ ಮೋಸ ಹೋಗುವವರಲ್ಲ. ಇಳಕಲ್ಲಿನ ಸೀರೆಯ ಸೆರಗು ಮಗುಚಿ ನೋಡಿ ಕೈಮಗ್ಗವೋ ಯಂತ್ರದ್ದೋ ಹೇಳುತ್ತಾರೆ. ಎಳೆ ಕಿತ್ತು ಸುಟ್ಟು ನೋಡದೆ ರೇಷ್ಮೆ ಕೊಂಡವರಲ್ಲ. ಅದೇ ಕಣ್ಣು, ಅದೇ ಕೈ ಗಂಬಳಿಗೂ ಸಾಕು. ಗಂಬಳಿ ದೊಡ್ಡವರ ವಸ್ತು, ನಮಗೆ ತಿಳಿಯುವುದಲ್ಲ ಎಂಬ ಅಂಜಿಕೆಯೊಂದೇ ಅವರನ್ನು ತಡೆದದ್ದು.

ಆದ್ದರಿಂದ ಮೊದಲು ಬೆನ್ನು ಮಗುಚಿ. ಕೈಗಂಟಿನ ಗಂಬಳಿಯ ಬೆನ್ನಿನಲ್ಲಿ ಮುಂದಿನ ಚಿತ್ರವೇ, ಅಷ್ಟೇ ಸ್ಪಷ್ಟವಾಗಿ, ಸಣ್ಣ ಸಣ್ಣ ಕಾಳುಗಳಾಗಿ ಕಾಣಬೇಕು. ಬಟ್ಟೆ ಅಂಟಿಸಿ ಬೆನ್ನು ಮುಚ್ಚಿದ್ದರೆ ಅದು ಪಿಸ್ತೂಲಿನಂಥ ಸಾಧನದಿಂದ ನೂಲು ಚುಚ್ಚಿ ಅಂಟು ಬಳಿದದ್ದು. ಅಂಥದ್ದನ್ನೂ ‘ಕೈಯಿಂದ ಮಾಡಿದ್ದು’ ಎಂದೇ ಮಾರುತ್ತಾರೆ. ಅದನ್ನು ಹಿಡಿದದ್ದು ಕೈ ತಾನೆ! ಆಮೇಲೆ ಕುಚ್ಚು ನೋಡಿ. ನಿಜವಾದ ಗಂಬಳಿಯಲ್ಲಿ ಎರಡು ತುದಿಯ ಕುಚ್ಚೆಂದರೆ ಹಾಸಿನ ಎಳೆಗಳೇ ಹೊರಗೆ ಚಾಚಿಕೊಂಡಿರುವುದು, ಸೀರೆಯ ಸೆರಗಿನ ಕುಚ್ಚಿನಂತೆ. ಹೊಲಿದು ಜೋಡಿಸಿದ ಕುಚ್ಚಾದರೆ ಅನುಮಾನಪಡಿ. ಆ ಕುಚ್ಚು ಇನ್ನೂ ಒಂದು ಗುಟ್ಟು ಹೇಳುತ್ತದೆ. ಅದು ಮಂಕಾದ ಬಿಳಿ ಹತ್ತಿಯಾಗಿದ್ದರೆ ಗಂಬಳಿ ಹತ್ತಿಯ ಹಾಸಿನ ಮೇಲೆ ರೇಷ್ಮೆ ಗಂಟಿನದು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಗಂಬಳಿಗಳು ಎಷ್ಟೋ ಹಾಗೆಯೇ ಇವೆ. ಆದರೆ ‘ರೇಷ್ಮೆಯ ಮೇಲೆ ರೇಷ್ಮೆ’ ಎಂದು ಹೇಳಿ ಆ ಬೆಲೆ ಕೇಳಬಾರದು.

ಗಂಟು ಎಣಿಸುವುದು ಕಷ್ಟವಲ್ಲ. ಬೆನ್ನ ಮೇಲೆ ಹೊಲಿಗೆಯ ಟೇಪು ಇಟ್ಟು ಅಡ್ಡಕ್ಕೆ ಒಂದು ಇಂಚು, ಉದ್ದಕ್ಕೆ ಒಂದು ಇಂಚು ಎಣಿಸಿ ಗುಣಿಸಿ. ಎರಡು ಮೂರು ಕಡೆ ಎಣಿಸಿದರೆ ಒಳ್ಳೆಯದು. ಕೆಲವು ನೇಯ್ಗೆಯಲ್ಲಿ ಒಂದೇ ಗಂಟು ಬೆನ್ನಿನಲ್ಲಿ ಜೋಡಿ ಕಾಳಾಗಿ ಕಾಣುತ್ತದೆ. ಎರಡನ್ನೂ ಎಣಿಸಿದರೆ ಲೆಕ್ಕ ದುಪ್ಪಟ್ಟು, ಬೆಲೆಯೂ ದುಪ್ಪಟ್ಟು. ಚಿತ್ರದಲ್ಲಿ ಅತ್ಯಂತ ಸಣ್ಣದಾಗಿ ನೆಟ್ಟಗೆ ಇಳಿದ ಒಂದು ಗೆರೆ ಹುಡುಕಿ. ಅದು ಒಂದೇ ಗಂಟಿನಗಲ ಇರುತ್ತದೆ. ಆ ಅಳತೆಯಲ್ಲಿ ಎಣಿಸಿದರೆ ಯಾರೂ ಏಮಾರಿಸಲಾರರು.

ಇನ್ನೊಂದು ಕಳ್ಳ ಗಂಟಿದೆ, ಅದರ ಹೆಸರು ಜುಫ್ತಿ. ಎರಡು ಎಳೆಗೆ ಹಾಕಬೇಕಾದ ಗಂಟನ್ನು ನಾಲ್ಕು ಎಳೆಗೆ ಹಾಕುವುದು. ಕೆಲಸ ಅರ್ಧವಾಗುತ್ತದೆ, ಆದರೆ ಕೂದಲು ತೆಳುವಾಗಿ ಗಂಬಳಿ ಬೇಗ ಸವೆಯುತ್ತದೆ. ಕೂದಲನ್ನು ಎರಡೂ ಹೆಬ್ಬೆರಳಿನಿಂದ ಬೈತಲೆ ತೆಗೆದಂತೆ ಸರಿಸಿ ಬುಡ ನೋಡಿ. ಗಂಟುಗಳು ಒತ್ತಾಗಿದ್ದು ನೆಲಗಟ್ಟು ಕಾಣಿಸದಿದ್ದರೆ ಸರಿ. ಜುಫ್ತಿ ಹಾಕಿದ ನೇಕಾರನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಗಂಬಳಿಗಿಷ್ಟು ಎಂದು ಕೂಲಿ ಗೊತ್ತುಮಾಡಿ, ಆ ಕೂಲಿಯನ್ನೂ ವರ್ಷಗಟ್ಟಲೆ ಏರಿಸದೆ ಹೋದರೆ ಅವನು ದಿನಗಳನ್ನು ಇನ್ನೆಲ್ಲಿ ಉಳಿಸಬೇಕು?

ರೇಷ್ಮೆಯೋ ಅಲ್ಲವೋ ಎಂಬುದಕ್ಕೆ ಹೊಳಪನ್ನು ನಂಬಬೇಡಿ. ವಿಸ್ಕೋಸ್ ಎಂಬ ಕೃತಕ ನೂಲು ರೇಷ್ಮೆಗಿಂತ ಹೆಚ್ಚೇ ಹೊಳೆಯುತ್ತದೆ. ಬಾಂಬೂ ಸಿಲ್ಕ್, ಬನಾನಾ ಸಿಲ್ಕ್ ಎಂಬ ಹೆಸರುಗಳಲ್ಲಿ ಬರುವುದೂ ಬಹುಪಾಲು ಅದೇ. ಕೊಳ್ಳುವ ಮಾತಾದ ಮೇಲೆ ಅಂಗಡಿಯವನ ಎದುರಿಗೇ ಮೇಲಿನ ಕೂದಲಿನ ಒಂದೆರಡು ಎಳೆ ಕಿತ್ತು ಸುಡಿ. ಕುಚ್ಚನ್ನು ಸುಟ್ಟರೆ ಗೊತ್ತಾಗುವುದು ಹಾಸು ಮಾತ್ರ. ರೇಷ್ಮೆಯಾದರೆ ತಲೆಗೂದಲು ಸುಟ್ಟ ವಾಸನೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕರಿ. ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್ ಅಥವಾ ಹೊಳಪು ಕೊಟ್ಟ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಜಾತಿಯದು. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ವಿಸ್ಕೋಸಿಗೆ ನೀರೆಂದರೆ ಆಗದು. ಹಾಲೋ ಚಹವೋ ಚೆಲ್ಲಿ ಒರೆಸಿದ ಜಾಗದಲ್ಲಿ ಕೂದಲು ಮಲಗಿ ಸೆಟೆದುಕೊಳ್ಳುತ್ತದೆ. ಬಣ್ಣ ನಿಲ್ಲುತ್ತದೆಯೋ ಎಂದು ನೋಡಲು ಬಿಳಿ ಕರವಸ್ತ್ರವನ್ನು ತೇವ ಮಾಡಿ ಕೆಂಪು ಭಾಗದ ಮೇಲೆ ಉಜ್ಜಿದರೆ ಸಾಕು. ಹಾಗೆಯೇ ಒಂದೇ ಬಣ್ಣದಲ್ಲಿ ಪಟ್ಟೆಯಂತೆ ತುಸು ಛಾಯೆ ಬದಲಾಗಿದ್ದರೆ ಅದನ್ನು ದೋಷವೆಂದು ಬಿಡಬೇಡಿ. ಒಂದು ಹಂಡೆ ಬಣ್ಣ ಮುಗಿದು ಇನ್ನೊಂದು ಹಂಡೆಯ ನೂಲು ಬಂದ ಜಾಗ ಅದು. ಎಲ್ಲೂ ಒಂದಿಷ್ಟೂ ಏರುಪೇರಿಲ್ಲದೆ ಅಚ್ಚು ಹಾಕಿದಂತಿದ್ದರೆ ಅದನ್ನೇ ಇನ್ನೊಮ್ಮೆ ಮಗುಚಿ ನೋಡಿ.

ಗಂಬಳಿಯ ವ್ಯಾಪಾರದಲ್ಲಿ ಬಹಳ ಕಾಲ ಓಡಿದ ಒಂದು ಮಾತಿದೆ: ಮಕ್ಕಳ ಪುಟ್ಟ ಬೆರಳಿಗೇ ಸಣ್ಣ ಗಂಟು ಬರುವುದು ಎಂದು. ಹಸಿ ಸುಳ್ಳು. ನಾನು ನೋಡಿದ ಆ ಹಿರಿಯರ ಬೆರಳು ನನ್ನ ಬೆರಳಿಗಿಂತ ದಪ್ಪಗಿದ್ದವು. ಮಕ್ಕಳ ಬೆರಳಿನ ಗುಣ ಒಂದೇ: ಕೂಲಿ ಕಡಿಮೆ. 1986ರ ಕಾಯಿದೆ ಗಂಬಳಿ ನೇಯ್ಗೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಮಕ್ಕಳನ್ನು ದುಡಿಸಿಲ್ಲ ಎಂಬ ಗುರುತಿನ ಚೀಟಿಯಾಗಿ ರಗ್‌ಮಾರ್ಕ್ ಬಂದದ್ದು 1994ರಲ್ಲಿ. 2009ರಿಂದ ಅದರ ಹೆಸರು ಗುಡ್‌ವೀವ್. ಕಾಶ್ಮೀರದ ಕೈಗಂಟಿನ ಗಂಬಳಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಶ್ರೀನಗರದ ಗಂಬಳಿ ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದ ಗಂಬಳಿಗಳಿಗೆ 2022ರಿಂದ ಕ್ಯೂಆರ್ ಚೀಟಿ ಹಚ್ಚುತ್ತಾರೆ. ಫೋನು ಹಿಡಿದರೆ ವಿವರ ಬರುತ್ತದೆ. ಕೇಳಿ ನೋಡಿ. ಚೀಟಿ ಇದ್ದರೂ ಬೆನ್ನು ಮಗುಚುವುದನ್ನು ಬಿಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ಕಮಲಾಬಾಯಾರು ಮಗಳಿಗೆ ಕೊಟ್ಟದ್ದು ನವಲಗುಂದದ ಜಮಖಾನೆ. ಗಂಟಿಲ್ಲ, ರೇಷ್ಮೆಯಿಲ್ಲ, ಹತ್ತಿಯದು. ನವಿಲು, ಪಗಡೆ ಹಾಸಿನ ಚಿತ್ರ. ಅದನ್ನು ನೇಯುವವರು ಹೆಂಗಸರೇ. ಆ ನೇಯ್ಗೆಯ ಮನೆತನಗಳು ಆದಿಲ್‌ಶಾಹಿ ಕಾಲದ ಬಿಜಾಪುರದಿಂದ ಬಂದವೆಂದು ನವಲಗುಂದದಲ್ಲಿ ಹೇಳಿಕೆಯಿದೆ.

ಬಿಜಾಪುರ ಎಂದಾಗ ಒಂದು ಮಾತು ಸೇರಿಸಬೇಕು. 2014ರಿಂದ ಅದರ ಹೆಸರು ವಿಜಯಪುರ. ಕಾಶ್ಮೀರದ ಹಳೆಯ ಗಂಬಳಿ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ ಎಂದು ನಾನು ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದೆ. ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಅಸರ್ ಮಹಲಿನ ನೆಲಕ್ಕೆ ಹಾಸಿದ್ದ ರತ್ನಗಂಬಳಿಗಳು 1657ರಲ್ಲಿ ಕಾಶ್ಮೀರದಿಂದ ಬಂದವೆಂದು ಹಳೆಯ ಬರಹಗಾರರು ಬರೆದಿಟ್ಟಿದ್ದಾರೆ. ಆ ಕಾಲದಲ್ಲಿ ಮಂಜಿನ ಕಣಿವೆಯಿಂದ ಕೃಷ್ಣ ಭೀಮೆಯರ ಬಯಲಿಗೆ ಎತ್ತು ಒಂಟೆಗಳ ಮೇಲೆ ಅವು ಬಂದ ದಾರಿಯನ್ನು ಒಮ್ಮೆ ಯೋಚಿಸಿ. ಅಸರ್ ಮಹಲಿನೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಗೋಳಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿ ಹಳೆಯ ಗಂಬಳಿಗಳನ್ನು ಇಟ್ಟಿದ್ದಾರೆ, ಅಲ್ಲಿ ಯಾರೂ ತಡೆಯುವುದಿಲ್ಲ. ಸವೆದು ಬಣ್ಣ ಮಾಸಿವೆ. ಅಲ್ಲಲ್ಲಿ ಕೂದಲು ಪೂರ್ತಿ ಹೋಗಿ ಗಂಟಿನ ಬುಡವೇ ಮೇಲೆ ಬಂದಿರುವುದರಿಂದ, ಬೆನ್ನು ಮಗುಚದೆಯೇ ಎಣಿಸಬಹುದು. ಶುಕ್ರವಾರ ಮಾತ್ರ ಹೋಗಬೇಡಿ, ರಜೆ ಇರುತ್ತದೆ.